ಮಳೆಗೆ ಮರ ಲಡ್ಡಾಗುವುದಿಲ್ಲ ಮಾರಾಯ್ರೆ

ಪ್ರಶ್ನೆ: ಏಳೆಂಟು ಕುಟುಂಬ ಸೇರಿ ಸೊಸೈಟಿ ಮಾಡಿಕೊಂಡು ಉಡುಪಿ ಹತ್ತಿರ ಮನೆ ಕಟ್ಟಿಸಬೇಕೆಂದಿದ್ದೇವೆ. ಮರದಲ್ಲಿ ಕಟ್ಟಿದರೆ ನಮ್ಮ ಮಳೆಗೆ ಉಳಿಯುತ್ತದಾ?

ಉಳಿಯುತ್ತದೆ. ಪ್ರತಿ ಮೇ ತಿಂಗಳು ಇದೇ ಪ್ರಶ್ನೆ, ಇದೇ ಉತ್ತರ. ಆದರೂ "ಮಳೆಗೆ ಮರ ಲಡ್ಡಾಗುತ್ತದೆ" (ಅಂದರೆ ಕೊಳೆತು ಹೋಗುತ್ತದೆ) ಎಂಬ ಮಾತು ಒರಲೆಗಿಂತ (ಗೆದ್ದಲಿಗಿಂತ) ಆಳಕ್ಕೆ ಇಳಿದುಬಿಟ್ಟಿದೆ.

ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಸೀಮೆ ನಮ್ಮದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳಲ್ಲಿ ಮರ. ತುಳುನಾಡಿನ ಹಳೆ ದೊಡ್ಡಮನೆಗಳಾದ ಗುತ್ತಿನ ಮನೆಗಳ ಹಲಸಿನ ಕಂಬ, ಮುಚ್ಚಿಗೆ (ಮರದ ಒಳಚಾವಣಿ) ನೋಡಿದ ಮೇಲೂ ಈ ಅನುಮಾನವಾ?

ಮರ ಕೊಳೆಯಬೇಕಾದರೆ ಅದರೊಳಗೆ ಶಿಲೀಂಧ್ರ ಬೆಳೆಯಬೇಕು. ಮರದ ತೇವಾಂಶ ಶೇ. 20ರ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ನಾಲ್ಕು ಹನಿ ಬಿದ್ದು ಒಣಗಿದರೆ ಏನೂ ಆಗುವುದಿಲ್ಲ. ಹೊಕ್ಕ ನೀರು ಅಲ್ಲೇ ಕೂತರೆ ಮಾತ್ರ ಕಷ್ಟ.

ಹಳೆ ಮನೆ ಕೆಡವುವಲ್ಲಿಗೆ ಒಮ್ಮೆ ಹೋಗಿ, ಸ್ಕ್ರೂಡ್ರೈವರ್ ಹಿಡಿದುಕೊಂಡು. ತೊಲೆಯ ನಡುವಿಗೆ ಚುಚ್ಚಿದರೆ ಟಕ್ ಎಂದು ನಿಲ್ಲುತ್ತದೆ. ಗೋಡೆಯೊಳಗೆ ಹೊಕ್ಕ ತುದಿಗೆ ಚುಚ್ಚಿದರೆ ಹಿಡಿಯವರೆಗೂ ಹೋಗುತ್ತದೆ. ಅದೇ ತೊಲೆ, ಅದೇ ಮಳೆ! ತುದಿಯ ಸುತ್ತ ಯಾರೋ ರಿಪೇರಿ ಅಂತ ಸಿಮೆಂಟು ಮೆತ್ತಿರುತ್ತಾರೆ. ಕೆಂಪುಕಲ್ಲು ನೀರು ಹೀರುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಅದರ ಮೇಲೆ, ಅಡ್ಡ ಕೊಯ್ದ ತುದಿ ಮರದ ಮೈಗಿಂತ ಎಷ್ಟೋ ಬೇಗ ನೀರು ಕುಡಿಯುತ್ತದೆ. ಲ್ಯಾಬಿನವರು ಇದನ್ನು ಅಳೆದು ಹೇಳುತ್ತಾರೆ. ನಮ್ಮ ಆಚಾರಿಗಳು ಅಳೆಯದೆಯೇ ಕಂಬದ ಬುಡಕ್ಕೆ ಕಲ್ಲು ಇಟ್ಟರು, ಮಾಡನ್ನು ಗೋಡೆಯಿಂದಾಚೆ ಚಾಚಿದರು. ಈಗ ಸುಮ್ನೆ ಒಂದಡಿ ಸಜ್ಜಾ ಇಟ್ಟು ಮರಕ್ಕೆ ಬೈದರೆ ಹೇಗೆ?

ಒರಲೆ ಬೇರೆ ವಿಷಯ. ಚೇಗು (ಮರದ ನಡುವಿನ ಗಟ್ಟಿ ಭಾಗ) ಬಲಿತ ಮರ ಆರಿಸಿ. ಬೋರಾನ್ ಮದ್ದು ಮಳೆಗೆ ತೊಳೆದುಹೋಗುತ್ತದೆ, ಆದ್ದರಿಂದ ಒಳಗಿನ ಮರಕ್ಕೆ ಮಾತ್ರ. ಹೆಚ್ಚಿಗೆ ತಿಳಿಯಬೇಕಾದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ (ಐಡಬ್ಲ್ಯುಎಸ್‌ಟಿ)ಯವರನ್ನು ಕೇಳಿ, ಅವರ ಕೆಲಸವೇ ಅದು.

ನೀವು ಕೇಳದ ಪ್ರಶ್ನೆ ಒಂದಿದೆ: ಮಾಡಿನ ದಂಬೆ (ಮಳೆನೀರು ಹರಿಯುವ ಕಾಲುವೆ) ಗುಡಿಸುವವರು ಯಾರು? ಎಲೆ ಕಟ್ಟಿಕೊಂಡರೆ ನೀರು ಉಕ್ಕಿ ನೇರ ಗೋಡೆಗೆ, ಅಲ್ಲಿಂದ ತೊಲೆಯ ತುದಿಗೆ. ನಮ್ಮಲ್ಲಿ ಹೌಸಿಂಗ್ ಸೊಸೈಟಿ ಅಂದರೆ ಸೈಟು ಹಂಚಿ, ರಿಜಿಸ್ಟ್ರಿ ಆಗಿ, ಅಲ್ಲಿಗೆ ಮುಗಿಯಿತು. ಆಮೇಲೆ "ಅದು ಅವರ ಬದಿಯ ದಂಬೆ".

ಬಾರ್ಸಿಲೋನಾದಲ್ಲಿ ಲಾ ಬೋರ್ಡಾ ಎಂಬ ಸಹಕಾರಿ ವಸತಿ ಇದೆ. 28 ಮನೆ, 2018ರಲ್ಲಿ ಮುಗಿದದ್ದು. ನೆಲಮಹಡಿ ಕಾಂಕ್ರೀಟು, ಮೇಲೆಲ್ಲ ಮರ. ಬುಡಕ್ಕೆ ಕಲ್ಲು ಇಡುವ ಬುದ್ಧಿಯೇ ಅಲ್ವಾ? ಜಾಗ ನಗರಾಡಳಿತದ್ದು, 75 ವರ್ಷದ ಲೀಸು. ಕಟ್ಟಡ ಸಂಘದ್ದು. ಸದಸ್ಯರಿಗೆ ವಾಸದ ಹಕ್ಕು ಮಾತ್ರ, ಮಾರಿ ಲಾಭ ಮಾಡಿಕೊಳ್ಳುವ ಹಾಗಿಲ್ಲ. ಹಾಗಾಗಿ ಯಾವ ತೊಲೆ ಹಾಳಾದರೂ ಎಲ್ಲರ ತಲೆನೋವು.

ನೀವು ಅಷ್ಟು ದೂರ ಹೋಗಬೇಕೆಂದಿಲ್ಲ. ಬೈಲಾದಲ್ಲಿ ಒಂದು ಸಾಲು ಸೇರಿಸಿ: ಪತ್ತನಾಜೆಯೊಳಗೆ (ಮೇ ಕೊನೆಯ ವಾರ, ಮಳೆಗಾಲಕ್ಕೆ ಮುಂಚೆ) ದಂಬೆ ಗುಡಿಸಬೇಕು, ಮಳೆಗಾಲ ಮುಗಿದ ಮೇಲೆ ತೊಲೆಯ ತುದಿಗಳಿಗೆ ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ಹಿಡಿದು ಅಂಕಿಯನ್ನು ಸೊಸೈಟಿ ಪುಸ್ತಕದಲ್ಲಿ ಬರೆಯಬೇಕು. ನಾಲ್ಕೈದು ವರ್ಷದ ಅಂಕಿ ಸೇರಿದ ಮೇಲೆ ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಯ ಸಿವಿಲ್ ವಿಭಾಗಕ್ಕೆ ಒಯ್ದು ತೋರಿಸಿ. ಬೇಡ ಅನ್ನಲಿಕ್ಕಿಲ್ಲ.