ಕಾರಾಪುರದ ಹುಡುಗ ಬಾಗ್ದಾದಿನ ಕಳ್ಳನಾದ ಕಥೆ

ಒಂದೇ ಸಿನಿಮಾಕ್ಕೆ ಮೂವರು ನಿರ್ದೇಶಕರು. ಟೈಟಲ್‌ನಲ್ಲಿ ಹೆಸರಿಲ್ಲದೆ ನಿರ್ದೇಶನಕ್ಕೆ ಕೈ ಹಾಕಿದವರು ಬೇರೆ. ಶುರುವಾಗಿದ್ದು ಇಂಗ್ಲೆಂಡಿನಲ್ಲಿ, ಮುಗಿದಿದ್ದು ಹಾಲಿವುಡ್‌ನಲ್ಲಿ. ನಡುವೆ ಮಹಾಯುದ್ಧ. ಇಂಥ ಸಿನಿಮಾ ಹಳ್ಳ ಹಿಡಿಯಬೇಕಿತ್ತು, ಅಲ್ವಾ? 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಹಾಗಾಗಲಿಲ್ಲ. ಅದಕ್ಕೆ ದೊಡ್ಡ ಕಾರಣ ಕಬಿನಿ ಸೀಮೆಯ ಒಬ್ಬ ಹುಡುಗ ಎಂದೇ ನಾನು ನಂಬಿದ್ದೇನೆ.

ಸಾಬು ಹುಟ್ಟಿದ್ದು 1924ರಲ್ಲಿ, ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. 1935ರಲ್ಲಿ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ‘ಎಲಿಫೆಂಟ್ ಬಾಯ್’ ಚಿತ್ರೀಕರಣಕ್ಕೆ ಮೈಸೂರಿಗೆ ಬಂದಾಗ ಈ ಹುಡುಗ ಕಣ್ಣಿಗೆ ಬಿದ್ದ. 1937ರಲ್ಲಿ ಚಿತ್ರ ತೆರೆ ಕಂಡಿತು. ಆನೆಲಾಯದ ಹುಡುಗ ಲಂಡನ್ನಿನಲ್ಲಿ ತಾರೆಯಾದ. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವನನ್ನು ಬಿಟ್ಟುಕೊಡಲಿಲ್ಲ.

‘ಬಾಗ್ದಾದಿನ ಕಳ್ಳ’ ಹೊಸ ಕಥೆಯೇನಲ್ಲ. 1924ರ ಮೂಕಿ ಚಿತ್ರದಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್ ಕಳ್ಳನಾಗಿದ್ದರು. ಅಲ್ಲಿ ರಾಜಕುಮಾರಿಯ ಕೈ ಹಿಡಿಯುವವನೂ ಕಳ್ಳನೇ. ಕೋರ್ಡಾ ಆ ಒಂದು ಪಾತ್ರವನ್ನು ಎರಡಾಗಿ ಒಡೆದರು. ಕಳ್ಳ ಅಬುವಿನ ಪಾತ್ರ ಸಾಬುವಿಗೆ. ಪ್ರೇಮಿ, ರಾಜ ಅಹ್ಮದ್‌ನ ಪಾತ್ರ ಇಂಗ್ಲಿಷ್ ನಟ ಜಾನ್ ಜಸ್ಟಿನ್‌ಗೆ. ಬಾಗ್ದಾದಿನ ರಾಜನಾಗಲೂ ಬಿಳಿಯನೇ ಬೇಕಾಯಿತಲ್ಲ ಎಂದು ಈಗಲೂ ಬೇಸರವಾಗುತ್ತದೆ. ಆದರೆ ತೆರೆಯ ಮೇಲೆ ಕೆಲಸವೆಲ್ಲ ಅಬುವಿನದೇ. ಸೀಸೆಯಿಂದ ಹೊರಬಂದ ಜಿನ್ ಎಂಬ ದೈತ್ಯ ಭೂತವನ್ನು ಉಪಾಯದಿಂದ ಮತ್ತೆ ಒಳಗೆ ಕೂರಿಸುವವನು ಅವನು. ದೈತ್ಯ ಜೇಡದೊಂದಿಗೆ ಕಾದಾಡಿ, ವಿಗ್ರಹದ ಹಣೆಯ ರತ್ನ ಕೀಳುವವನೂ ಅವನೇ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು. ಡೆನ್ಹಮ್ ಸ್ಟುಡಿಯೋದಲ್ಲಿ ಕೆಲಸ ಅರ್ಧಕ್ಕೇ ನಿಂತಿತು. ನಿರ್ದೇಶಕರಲ್ಲೊಬ್ಬರಾದ ಮೈಕೆಲ್ ಪೊವೆಲ್ ಯುದ್ಧ ಪ್ರಚಾರದ ಚಿತ್ರಕ್ಕೆ ಹೋದರು. ಕೋರ್ಡಾ ಉಳಿದ ಕೆಲಸವನ್ನು ಅಮೆರಿಕಕ್ಕೆ ಹೊತ್ತೊಯ್ದರು. ಹಾಗಾಗಿಯೇ ಈ ಅರಬ್ಬಿ ಕಥೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ಕೆಂಪು ಬಂಡೆಗಳು ಕಾಣುತ್ತವೆ.

ಚಿತ್ರದ ಮಾಯೆಯ ಹಿಂದೆ ಒಂದು ಹೊಸ ಉಪಾಯವಿತ್ತು. ಬಣ್ಣದ ಚಿತ್ರ ತೆಗೆಯುವ ಅಂದಿನ ಟೆಕ್ನಿಕಲರ್ ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ನೆಗೆಟಿವ್‌ಗಳಲ್ಲಿ ಹಿಡಿಯುತ್ತಿತ್ತು. ನೀಲಿ ಪರದೆಯ ಮುಂದೆ ನಟನನ್ನು ಚಿತ್ರಿಸಿದರೆ, ಆ ನೀಲಿಯನ್ನಷ್ಟೇ ಬೇರ್ಪಡಿಸಿ, ಅಲ್ಲಿ ಬೇರೊಂದು ದೃಶ್ಯ ಕೂರಿಸಬಹುದು. ವಿಶೇಷ ಪರಿಣಾಮ ನೋಡಿಕೊಂಡ ಲಾರೆನ್ಸ್ ಬಟ್ಲರ್ ಇದನ್ನು ಇಲ್ಲಿ ಇಷ್ಟು ದೊಡ್ಡದಾಗಿ ಬಳಸಿದರು. ಜಿನ್‌ನ ಅಂಗೈ ಮುಂದೆ ಸಾಬು ಇರುವೆಯಷ್ಟಾದ. ಇವತ್ತಿನ ಹಸಿರು ಪರದೆಗೆ ಇದೇ ಹಿರಿಯಣ್ಣ. ಛಾಯಾಗ್ರಹಣ, ಕಲೆ, ವಿಶೇಷ ಪರಿಣಾಮ ಮೂರಕ್ಕೂ ಆಸ್ಕರ್ ಬಂತು.

ಸಾಬು 1944ರಲ್ಲಿ ಅಮೆರಿಕದ ಪ್ರಜೆಯಾದ. ಬಾಂಬರ್ ವಿಮಾನದ ಗನ್ನರ್ ಆಗಿ ಪೆಸಿಫಿಕ್‌ನಲ್ಲಿ ಹೋರಾಡಿ, ಶೌರ್ಯ ಪದಕ ಪಡೆದ. ಯುದ್ಧದ ಮೇಲೆ ಅವನಿಗೆ ಅಂಥ ಪಾತ್ರಗಳು ಜಾಸ್ತಿ ಸಿಗಲಿಲ್ಲ. 1963ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು ಬರೀ 39.

ಚಿತ್ರ ಮಾತ್ರ ಉಳಿಯಿತು. ಹಾಲಿವುಡ್ ನಿರ್ದೇಶಕರಾದ ಮಾರ್ಟಿನ್ ಸ್ಕಾರ್ಸೇಸಿ, ಫ್ರಾನ್ಸಿಸ್ ಕೊಪ್ಪೋಲಾ ಇದರ ಡಿವಿಡಿಗೆ ವ್ಯಾಖ್ಯಾನ ಕೊಟ್ಟಿದ್ದಾರೆ. ಡಿಸ್ನಿಯ 1992ರ ‘ಅಲಾದಿನ್’ ನೋಡಿದವರಿಗೆ ಖಳ ಜಾಫರ್, ಆಟಿಕೆಯ ಹುಚ್ಚಿನ ಸುಲ್ತಾನ ಗೊತ್ತು. ಇಬ್ಬರೂ ಈ ಚಿತ್ರದಲ್ಲಿ ಮೊದಲೇ ಇದ್ದವರು. ಅಬು ಎಂಬ ಹೆಸರೂ ಅಲ್ಲಿದೆ, ಆದರೆ ಅದು ಕೋತಿಯ ಹೆಸರು. ಸಾಬುವನ್ನು ಪ್ರೀತಿಸುವವರಿಗೆ ಇದು ಚುಚ್ಚುತ್ತದೆ.

ಮೂಲ ಅಬುವನ್ನು ನೋಡಬೇಕೆಂದರೆ ಕೊನೆಯ ದೃಶ್ಯ ನೋಡಿ. ಇವನನ್ನು ಶಾಲೆಗೆ ಕಳಿಸಿ ಮುಂದೆ ವಜೀರನನ್ನಾಗಿ ಮಾಡುತ್ತೇನೆ ಅಂತ ಅಹ್ಮದ್ ಜನರ ಮುಂದೆ ಹೇಳುತ್ತಿರುತ್ತಾನೆ. ಅಷ್ಟರಲ್ಲಿ ಹುಡುಗ ರತ್ನಗಂಬಳಿ ಏರಿ, ಕೈ ಬೀಸುತ್ತಾ, ಊರಾಚೆ ಹಾರಿ ಹೋಗಿರುತ್ತಾನೆ.