ಕನ್ನಂಬಾಡಿ ಕಟ್ಟೆಯ ಹಿಂದಿದ್ದ ಕರೆಂಟಿನ ಚಿಂತೆ

ಕನ್ನಂಬಾಡಿ ಕಟ್ಟೆ ಎಂದರೆ ಮಂಡ್ಯದವರಿಗೆ ಭತ್ತ, ಕಬ್ಬು. ಆದರೆ ಕಟ್ಟೆ ಬೇಕೇಬೇಕು ಎಂಬ ಒತ್ತಡಕ್ಕೆ ದೊಡ್ಡ ಕಾರಣ ದೂರದ ಕೋಲಾರದ ಚಿನ್ನದ ಗಣಿ.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಶುರುವಾಯಿತು. ಬೆನ್ನು ಹತ್ತಿ ಮಾಡಿಸಿದವರು ದಿವಾನ್ ಶೇಷಾದ್ರಿ ಅಯ್ಯರ್; ನೋಡಲು ಅವರೇ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಸುಮಾರು 147 ಕಿ.ಮೀ. ತಂತಿ ಎಳೆದು ಕೆಜಿಎಫ್‌ಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗಳು ಮಾತ್ರ 1905ರವರೆಗೆ ಕಾಯಬೇಕಾಯಿತು.

ತೊಡಕಿದ್ದದ್ದು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಬೇಡವೆಂದರೂ ಧುಮ್ಮಿಕ್ಕುವ ಕಾವೇರಿ ಏಪ್ರಿಲ್ ಹೊತ್ತಿಗೆ ಬಂಡೆಗಳ ನಡುವೆ ಸೊರಗುತ್ತಿತ್ತು. ಗಣಿಯ ಯಂತ್ರಕ್ಕೇನು, ಮಳೆಗಾಲವೂ ಒಂದೇ, ಬೇಸಿಗೆಯೂ ಒಂದೇ. ಮಳೆಯ ನೀರನ್ನು ಮೇಲೆಲ್ಲಾದರೂ ಹಿಡಿದಿಟ್ಟು ಬೇಸಿಗೆಗೆ ಬಿಡಬೇಕಿತ್ತು.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದ ವಿಶ್ವೇಶ್ವರಯ್ಯನವರಿಗೆ ಈ ಕಸುಬು ಹೊಸದಲ್ಲ. ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿ, ಗೋಡೆಯನ್ನು ಎತ್ತರಿಸದೆಯೇ, ಕೋಡಿಯ ಮೇಲೆ ಸ್ವಯಂಚಾಲಿತ ಗೇಟು ಕೂರಿಸಿ ಎಂಟು ಅಡಿ ಹೆಚ್ಚು ನೀರು ನಿಲ್ಲಿಸಿದ್ದರು. ನೀರು ಗೊತ್ತಾದ ಮಟ್ಟ ದಾಟಿದರೆ ಗೇಟು ತಾನಾಗಿ ತೆರೆಯುತ್ತದೆ, ಇಳಿದರೆ ತಾನಾಗಿ ಮುಚ್ಚುತ್ತದೆ. ನಡುರಾತ್ರಿ ಪ್ರವಾಹ ಬಂದರೆ ಲಾಟೀನು ಹಿಡಿದು ಓಡುವ ಕೆಲಸವಿಲ್ಲ.

1911ರಲ್ಲಿ ಕನ್ನಂಬಾಡಿಯಲ್ಲಿ ಕೆಲಸ ಹಿಡಿದರು. ಮದ್ರಾಸ್ ಸರ್ಕಾರ ತಗಾದೆ ತೆಗೆದದ್ದರಿಂದ ಚಿಕ್ಕ ಕಟ್ಟೆಗಷ್ಟೇ ಒಪ್ಪಿಗೆ ಸಿಕ್ಕಿತು. ತಳಪಾಯ ಮಾತ್ರ ದೊಡ್ಡ ಕಟ್ಟೆಯ ಅಳತೆಗೇ ಬಿತ್ತು. ಮುಂದಾಲೋಚನೆ ಎನ್ನಿ, ಹಟ ಎನ್ನಿ. ನನಗೆ ಎರಡೂ ಕಾಣುತ್ತವೆ. ಕಾವೇರಿ ನೀರಿನ ಬಗ್ಗೆ ಮೈಸೂರು, ಮದ್ರಾಸ್ ನಡುವೆ 1924ರಲ್ಲಿ ಆದ ಒಪ್ಪಂದ ದೊಡ್ಡ ಕಟ್ಟೆಯನ್ನು ಒಪ್ಪುವ ಹೊತ್ತಿಗೆ ತಳಪಾಯದ ಆ ಅಗಲವೇ ಕೈಹಿಡಿಯಿತು. ಸಿಮೆಂಟಿಗೆ ಹೊರದೇಶದ ಮುಖ ನೋಡಬೇಕಿದ್ದ ಕಾಲವದು. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆಯಲ್ಲೇ ಕಲ್ಲು ಕಟ್ಟಿದರು. ಹಳೆಯ ಕನ್ನಂಬಾಡಿ ಊರು, ವೇಣುಗೋಪಾಲಸ್ವಾಮಿ ಗುಡಿ ನೀರೊಳಗೆ ಹೋದವು. ಎಂಜಿನಿಯರನ ಉಳಿತಾಯದ ಲೆಕ್ಕದಲ್ಲಿ ಆ ಊರಿನವರ ಮನೆ ಯಾವ ಕಲಮಿನಲ್ಲಿತ್ತೋ!

ನಾಲೆ ತೆರೆದು ಮಂಡ್ಯ ಹಸಿರಾದದ್ದು 1930ರ ದಶಕದಲ್ಲಿ. 2001ರಲ್ಲಿ ಚಿನ್ನದ ಗಣಿಯೇ ಮುಚ್ಚಿತು. ಒಂದು ಕಾಲಕ್ಕೆ ಕೋಲಾರಕ್ಕೆ ಕರೆಂಟು ಕಳಿಸಿದ ಶಿವನಸಮುದ್ರದ ಆಸುಪಾಸಿನಿಂದಲೇ ಈಗ ಕರೆಂಟು ಸುಟ್ಟು, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಪಂಪು ಮಾಡಿ, ಕಾವೇರಿಯನ್ನು ಬೆಂಗಳೂರಿನ ನಲ್ಲಿಗೆ ಏರಿಸುತ್ತಾರೆ.