ಲೊಂಗ್ವಾ: ಊರಿನ ನಡುವೆ ಹಾದ ಗಡಿ

ರಾಜಕೀಯ ಭೂಗೋಳದ ಗಡಿಗಳ ಅಧ್ಯಾಯದಲ್ಲಿ ‘ಹೇರಿದ ಗಡಿ’ ಎಂಬ ಪರಿಕಲ್ಪನೆ ಬರುತ್ತದೆ: ಮೊದಲೇ ನೆಲೆಸಿದ್ದ ಜನರನ್ನು ಸೀಳಿಕೊಂಡು ಆಮೇಲೆ ಎಳೆದ ಗಡಿ. ವ್ಯಾಖ್ಯಾನವನ್ನಷ್ಟೇ ಬಾಯಿಪಾಠ ಮಾಡಿದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ಜೊತೆಗೆ ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಲೊಂಗ್ವಾ ಎಂಬ ಊರನ್ನು ನೆನಪಿಟ್ಟುಕೊಳ್ಳಿ.

ಇದು ಕೊನ್ಯಾಕ್ ನಾಗಾ ಜನರ ಊರು. ಇವರ ವಂಶಪಾರಂಪರ್ಯ ಮುಖ್ಯಸ್ಥನಿಗೆ ‘ಆಂಗ್’ ಎನ್ನುತ್ತಾರೆ. ಭಾರತ–ಮ್ಯಾನ್ಮಾರ್ ಗಡಿ ಆಂಗ್‌ನ ಮನೆಯೊಳಗೇ ಹಾದಿದೆ. ಎಷ್ಟೋ ಕುಟುಂಬಗಳ ಹೊಲ ಆ ಕಡೆ, ಮನೆ ಈ ಕಡೆ. ಆಂಗ್‌ನ ಮಾತು ನಡೆಯುವ ಊರುಗಳು ಎರಡೂ ದೇಶಗಳಲ್ಲಿವೆ.

ಹೀಗೇಕಾಯಿತು? ಈ ಅಧ್ಯಾಯದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದೇ ಪ್ರಶ್ನೆ. ನಕ್ಷೆಯ ಮೇಲೆ ಗಡಿ ಎಳೆಯುವವರಿಗೆ ಬೆಟ್ಟದ ಏಣು ಅನುಕೂಲ: ನೀರು ಅತ್ತ ಹರಿದರೆ ಅವರದು, ಇತ್ತ ಹರಿದರೆ ನಮ್ಮದು. ಆದರೆ ನಾಗಾ ಜನ ಹಿಂದಿನಿಂದಲೂ ಊರು ಕಟ್ಟುತ್ತಿದ್ದದ್ದೇ ಬೆಟ್ಟದ ನೆತ್ತಿಯ ಮೇಲೆ, ಶತ್ರು ಬರುವುದು ದೂರದಿಂದಲೇ ಕಾಣಲಿ ಎಂದು. ಹಾಗಾಗಿ ನಕ್ಷೆಯಲ್ಲಿ ಅಂಚಾಗಿ ತೋರಿದ್ದು ಇಲ್ಲಿ ಊರಿನ ನಡುಭಾಗವೇ ಆಗಿತ್ತು. 1967ರ ಮಾರ್ಚ್ 10ರಂದು ಭಾರತ ಮತ್ತು ಬರ್ಮಾ (ಇಂದಿನ ಮ್ಯಾನ್ಮಾರ್) ಗಡಿ ಒಪ್ಪಂದಕ್ಕೆ ಸಹಿ ಹಾಕಿದವು. ಊರು ಅದಕ್ಕಿಂತ ಬಹಳ ಹಳೆಯದು.

ನಾವು ಎಡವುವ ಜಾಗ ಇಲ್ಲಿದೆ. ರೂಪದ ದೃಷ್ಟಿಯಿಂದ ಬೆಟ್ಟದ ಏಣಿನ ಗಡಿ ‘ನೈಸರ್ಗಿಕ’. ಹುಟ್ಟಿದ ಬಗೆ ನೋಡಿದರೆ, ಮೊದಲೇ ನೆಲೆಸಿದ್ದ ಜನರನ್ನು ಸೀಳಿದ್ದರಿಂದ ಅದೇ ರೇಖೆ ‘ಹೇರಿದ’ ಗಡಿ. ಎರಡು ವರ್ಗೀಕರಣಗಳೂ ಬೇರೆ ಬೇರೆ, ಒಂದಕ್ಕೊಂದು ವಿರುದ್ಧವಲ್ಲ. ಪರೀಕ್ಷೆಯ ಉತ್ತರದಲ್ಲಿ ಎರಡನ್ನೂ ಬರೆಯಿರಿ.

ಅಂಕಿಗಳು ಬೇಕಾದರೆ: ಈ ಗಡಿಯ ಒಟ್ಟು ಉದ್ದ 1,643 ಕಿ.ಮೀ., ಅದರಲ್ಲಿ ನಾಗಾಲ್ಯಾಂಡಿನ ಪಾಲು 215. ಉಳಿದದ್ದು ಅರುಣಾಚಲ, ಮಣಿಪುರ, ಮಿಜೋರಾಂಗಳದು.

ಸೀಳಿದ ಊರುಗಳ ಬದುಕು ನಡೆಯಲೆಂದೇ ‘ಮುಕ್ತ ಸಂಚಾರ ವ್ಯವಸ್ಥೆ’ ಇತ್ತು: ಗಡಿಯ ಬುಡಕಟ್ಟು ಜನ ವೀಸಾ ಇಲ್ಲದೆ 16 ಕಿ.ಮೀ. ಒಳಗೆ ಹೋಗಿಬರಬಹುದಿತ್ತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇದನ್ನು ಕೈಬಿಡುವುದಾಗಿ ಘೋಷಿಸಿತು. ಭದ್ರತೆಯ ಕಾರಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸ್ವಂತ ಹೊಲಕ್ಕೆ ಹೋಗುವುದು ವಿದೇಶ ಪ್ರಯಾಣವಾಗುವ ಕಷ್ಟವನ್ನೂ ಉತ್ತರದಲ್ಲಿ ಕಾಣಿಸಲೇಬೇಕು.

ಇನ್ನೊಂದು ಗಮನಿಸಿ: ಗಡಿ ಊರುಗಳ ಅಭಿವೃದ್ಧಿಗೆಂದು 2023ರಲ್ಲಿ ಆರಂಭವಾದ ‘ವೈಬ್ರೆಂಟ್ ವಿಲೇಜಸ್’ ಯೋಜನೆಯ ಮೊದಲ ಹಂತ ಉತ್ತರದ ಗಡಿಗಷ್ಟೇ ಸೀಮಿತ. ಲೊಂಗ್ವಾವನ್ನು ಅದಕ್ಕೆ ಉದಾಹರಣೆಯಾಗಿ ಬರೆಯಬೇಡಿ. ನಾಗಾಲ್ಯಾಂಡ್ ಬರುವುದು 2025ರಲ್ಲಿ ಒಪ್ಪಿಗೆ ಪಡೆದ ಎರಡನೇ ಹಂತದಲ್ಲಿ.